ಟವೆಲ್ಲಿನ ಕೆಳಗೆ ಮುಖ್ಯಮಂತ್ರಿ

ಆ ವರ್ಷ ಅರಸೀಕೆರೆಯಲ್ಲಿ ದೇಶದ ಪ್ರಧಾನಿಯನ್ನು ಆರಿಸುವ ಕೆಲಸ ದಿನಾ ಬೆಳಿಗ್ಗೆ ಏಳು ಗಂಟೆಗೆ ಶುರುವಾಗುತ್ತಿತ್ತು. ಬೆಂಗಳೂರಿನ ರೈಲು ಪತ್ರಿಕೆಗಳ ಕಟ್ಟನ್ನು ಪ್ಲಾಟ್‌ಫಾರಂ ಮೇಲೆ ಇಳಿಸಿ ಹೋಗುವುದೇ ತಡ, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಂದೇ ಪೇಪರು ನಾಲ್ಕು ಹಾಳೆಯಾಗಿ ನಾಲ್ಕು ಟೇಬಲ್ಲಿಗೆ ಹಂಚಿಹೋಗುತ್ತಿತ್ತು. ನಮ್ಮ ಮುಖ್ಯಮಂತ್ರಿ ದೆಹಲಿಗೆ ಹೋಗುತ್ತಾರಾ ಇಲ್ಲವಾ? ಎಂಬತ್ತರ ದಶಕದ ನಡುಭಾಗ ಅದು. ಹಳ್ಳಿಯ ಅಧಿಕಾರ ಹಳ್ಳಿಗೇ ಸೇರಬೇಕು ಅಂತ ಹೊಸ ಪಂಚಾಯಿತಿಗಳನ್ನು ಮಾಡಲು ಹೊರಟಿದ್ದ, ಹೆಂಗಸರಿಗೂ ಅದರಲ್ಲಿ ಪಾಲು ಅಂದಿದ್ದ, ಊರೂರಿಗೆ ಬೋರ್‌ವೆಲ್ ಕೊರೆಸುತ್ತಿದ್ದ ಮುಖ್ಯಮಂತ್ರಿ. ಉತ್ತರದ ಪತ್ರಿಕೆಗಳೂ ಅವರ ಫೋಟೋ ಹಾಕುತ್ತಿವೆಯಂತೆ ಎಂದು ಯಾರೋ ಹೇಳಿದ ದಿನ ನನಗೆ ಇಡ್ಲಿ ಗಂಟಲಿನಲ್ಲಿ ಇಳಿಯಲಿಲ್ಲ, ಅಷ್ಟು ಖುಷಿ.

ನಾನು ಅವರ ಕಟ್ಟಾ ಅಭಿಮಾನಿ. ಬಿ.ಎ. ಮುಗಿಸಿ ಎರಡು ವರ್ಷವಾಗಿದ್ದರೂ ಕೆಲಸವಿಲ್ಲದ ನನಗೆ ಅಭಿಮಾನ ಪಡಲು ಪುರುಸೊತ್ತೂ ಬೇಕಾದಷ್ಟಿತ್ತು. ಜೊತೆಗೆ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಕ್ಷೌರದ ಅಂಗಡಿಯಲ್ಲಿ ಕತ್ತರಿ ಆಡಿಸುತ್ತಿದ್ದವನು 'ಅವ್ರದ್ದು ಬರೀ ಮಾತು ಬುಡಿ ಸಾ' ಅಂದಿದ್ದಕ್ಕೆ ಅರ್ಧ ಕ್ಷೌರದಲ್ಲೇ ಎದ್ದು ಬಂದಿದ್ದೆ. ಉಳಿದರ್ಧ ಮಾಡಿಸಿಕೊಳ್ಳಲು ಮರುದಿನ ಅವನ ಹತ್ತಿರವೇ ಹೋಗಬೇಕಾಯಿತು. ಅವನು ಏನೂ ಅನ್ನದೆ, ನಗುವನ್ನು ಮಾತ್ರ ನುಂಗಿಕೊಂಡು ಕೆಲಸ ಮುಗಿಸಿದ.

ನಾನೂ ಅಮ್ಮನೂ ಇದ್ದದ್ದು ಸೋದರಮಾವನ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಮಾವನೇ ನಮ್ಮನ್ನು ಕರೆತಂದು ಇಟ್ಟುಕೊಂಡಿದ್ದರು. ಅವರು ಅರಸೀಕೆರೆಯ ದನದ ಸಂತೆಯಲ್ಲಿ ದಲ್ಲಾಳಿ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಎತ್ತಿನ ಬೆಲೆ ಕುದುರಿಸುವುದು ಅವರ ಕಸುಬು. ಅಕ್ಷರ ಬರುತ್ತಿರಲಿಲ್ಲ. ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್ಲು. ಮನೆಯಲ್ಲಿ ನಾನು ಮುಖ್ಯಮಂತ್ರಿಯ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿದರೂ ಅವರು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ.

'ನಿಮಗೆ ಏನನ್ನಿಸುತ್ತೆ ಹೇಳಿ ಮಾವ' ಅಂತ ಪೀಡಿಸಿದರೆ, 'ಬಾಯಲ್ಲಿ ಹೇಳೋ ಬೆಲೆ ಒಂದು ಬೆಲೆಯೇನ್ಲಾ?' ಅಂದು ಎದ್ದು ಹೋಗುತ್ತಿದ್ದರು.

ಬೆಂಗಳೂರಿನ ಒಂದು ವಾರಪತ್ರಿಕೆಗೆ ನಾನು ವಾರವಾರವೂ ವಾಚಕರ ಪತ್ರ ಬರೆಯುತ್ತಿದ್ದೆ. ಹತ್ತು ಬರೆದರೆ ಒಂದು ಅಚ್ಚಾಗುತ್ತಿತ್ತು. ಒಂದು ದಿನ ಪೋಸ್ಟ್‌ಮ್ಯಾನ್ ದಪ್ಪ ಲಕೋಟೆಯೊಂದನ್ನು ತಂದುಕೊಟ್ಟ. ಸಂಪಾದಕರದೇ ಕಾಗದ. ಮುಖ್ಯಮಂತ್ರಿಗಳ ಬಗ್ಗೆ ಜಿಲ್ಲೆಜಿಲ್ಲೆಯಲ್ಲೂ ಜನಾಭಿಪ್ರಾಯ ಸಂಗ್ರಹಿಸುತ್ತಿದ್ದೇವೆ, ನಿಮ್ಮ ಕಡೆ ನೂರು ಜನರನ್ನು ಮಾತಾಡಿಸಿ, ಜೊತೆಗಿರುವ ನೂರು ಫಾರಂ ತುಂಬಿ ಕಳಿಸಿ ಎಂದಿತ್ತು. ಫಾರಮ್ಮಿನಲ್ಲಿ ಎರಡೇ ಪ್ರಶ್ನೆ. ಒಂದು, ಮುಖ್ಯಮಂತ್ರಿಗಳ ಕೆಲಸ ಹೇಗಿದೆ? ಎರಡು, ಅವರು ಪ್ರಧಾನಿಯಾಗಬೇಕೇ? ಪ್ರತಿ ಪ್ರಶ್ನೆಯ ಕೆಳಗೂ 'ಬಹಳ ಒಳ್ಳೆಯದು' ಎಂಬುದರಿಂದ 'ಬಹಳ ಕೆಟ್ಟದ್ದು' ಎಂಬುದರವರೆಗೆ ಐದೈದು ಚೌಕ. ಹೆಸರು ಬರೆಯುವ ಹಾಗಿಲ್ಲ. ಕಾಗದದ ಕೊನೆಯ ಸಾಲನ್ನು ಓದಿ ನಾನು ಜಗಲಿಯಿಂದ ಬೀದಿಗೇ ಜಿಗಿದೆ. ಕೆಲಸ ನಂಬಿಕೆಗೆ ಅರ್ಹವಾಗಿದ್ದರೆ ನಿಮ್ಮನ್ನೇ ಹಾಸನ ಜಿಲ್ಲೆಯ ವರದಿಗಾರರನ್ನಾಗಿ ತೆಗೆದುಕೊಳ್ಳುತ್ತೇವೆ ಎಂದು ಬರೆದಿದ್ದರು!

ನೌಕರಿ! ಅದೂ ನಮ್ಮ ಮುಖ್ಯಮಂತ್ರಿಯನ್ನು ಪ್ರಧಾನಿ ಮಾಡುವ ಕೆಲಸದಿಂದ ಶುರುವಾಗುವ ನೌಕರಿ! ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. 'ಇದೊಂದನ್ನಾದರೂ ಜಗಳ ಆಡದೆ ಮುಗಿಸಪ್ಪ' ಅಂದಳು.

ಮಾರನೆಯ ದಿನವೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದೆ. ಬಸದಿಗಳ ಹಾದಿಯಲ್ಲಿ ಒಬ್ಬ ಜೈನ ವರ್ತಕರ ಅಂಗಡಿ. ಬೆಳಕಿರುವಾಗಲೇ ಊಟ ಮುಗಿಸಬೇಕೆಂದು ಬಾಗಿಲು ಹಾಕುವ ಅವಸರದಲ್ಲಿದ್ದ ಅವರು ನನ್ನ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಎರಡಕ್ಕೂ ಬಹಳ ಒಳ್ಳೆಯದು ಅಂತ ಬರ್ಕೊಳ್ಳಿ. ಕಾಗದ ಅಂದ ಮೇಲೆ ಎಲ್ಲೆಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು' ಅಂದರು. ನಾನು ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡೆ. ಬೇಲೂರಿನಲ್ಲಿ ದೇವಸ್ಥಾನ ತೋರಿಸುವ ಗೈಡ್ ಒಬ್ಬರು ಮುಖ್ಯಮಂತ್ರಿಯನ್ನೂ ಮದನಿಕೆಯ ಹಾಗೆ ಅಡಿಯಿಂದ ಮುಡಿಯವರೆಗೆ ವರ್ಣಿಸಿ, ಬಹಳ ಒಳ್ಳೆಯದರ ಚೌಕಕ್ಕೆ ತಾವೇ ಗುರುತು ಹಾಕಿದರು.

ಗೆಂಡೆಹಳ್ಳಿಯಲ್ಲಂತೂ ಜಾತ್ರೆಯೇ ಆಯಿತು. ನಾನು ಅರಳಿಕಟ್ಟೆಯ ಮೇಲೆ ಕೂತು ಫಾರಂ ತೆಗೆದದ್ದೇ ತಡ, ರಾಗಿ ಹಸನು ಮಾಡುತ್ತಿದ್ದ ಹೆಂಗಸರೆಲ್ಲ ಮೊರ ಬಿಟ್ಟು ಬಂದರು. ಒಬ್ಬಾಕೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹೇಳಿದಳು: 'ಬಾಳ ಒಳ್ಳೇದು ಅಂತ ಬರ್ಕಳಪ್ಪ. ಎಲ್ಡುಕೂ ಹಂಗೇ ಬರಿ. ಬರ್ದಾದ್ಮೇಲೆ ಕೆಳಗಡೆ ಜಾಗ ಐತಲ್ಲ, ಅಲ್ಲಿ ನಮ್ ಕೇರಿಗೊಂದು ಬೋರು ಅಂತ ಸೇರ್ಸು.'

'ಇದು ಅರ್ಜಿ ಅಲ್ಲಮ್ಮ, ಅಭಿಪ್ರಾಯ.'

'ಅದೇ ಕಣಪ್ಪ, ಬೋರ್ ಬೇಕು ಅನ್ನೋದೇ ನಮ್ ಅಭಿಪ್ರಾಯ.'

ಅವಳ ಹಿಂದೆ ಇನ್ನೊಬ್ಬ ರೇಷನ್ ಕಾರ್ಡು ಹಿಡಿದು ನಿಂತಿದ್ದ. ಮತ್ತೊಬ್ಬ ಸೈಟಿನ ಕಾಗದ ತಂದಿದ್ದ. ಯಾರೇ ಆಗಲಿ, ಸರ್ಕಾರದ್ದೇ ಅನ್ನಿಸುವ ಕಾಗದ ಹಿಡಿದು ಬಂದವನ ಮುಂದೆ ಮುಖ್ಯಮಂತ್ರಿಯನ್ನು ಬಯ್ಯುತ್ತಾರೆಯೇ? ಈ ಸಣ್ಣ ವಿಷಯ ಬಿ.ಎ. ಓದಿದ ನನ್ನ ತಲೆಗೆ ಹೊಳೆಯಲಿಲ್ಲ. ಅಭಿಮಾನಕ್ಕೆ ಕಣ್ಣಿಲ್ಲ. ಒಂದು ವಾರದಲ್ಲಿ ಅರವತ್ತು ಫಾರಂ ತುಂಬಿದವು. ಅರವತ್ತರಲ್ಲೂ ಬಹಳ ಒಳ್ಳೆಯದು, ಬಹಳ ಒಳ್ಳೆಯದು! ಬಸ್ಸಿನಲ್ಲಿ ಬರುವಾಗ ಅವನ್ನು ತೊಡೆಯ ಮೇಲೆ ಹರಡಿಕೊಂಡು ಮತ್ತೆ ಮತ್ತೆ ನೋಡಿದೆ. ಇನ್ನೇನು, ದೆಹಲಿಗೆ ಟಿಕೆಟ್ ಕೊಡಿಸಿದವನು ನಾನೇ ಎನ್ನುವ ಹಾಗೆ ಎದೆ ಉಬ್ಬಿತ್ತು. ಅರವತ್ತನ್ನೂ ಅಂದೇ ಪೋಸ್ಟ್ ಮಾಡಿದೆ.

ನಾಲ್ಕು ದಿನಕ್ಕೆ ಸಂಪಾದಕರಿಂದ ಒಂದು ಕಾರ್ಡು ಬಂತು. ಅದನ್ನು ಪೋಸ್ಟ್‌ಮ್ಯಾನ್ ಓದಿಯೇ ತಂದಿದ್ದ ಅನ್ನುವುದು ಅವನ ಮುಖದಲ್ಲೇ ಇತ್ತು. 'ಅರವತ್ತು ಜನ ಒಂದೇ ಅಭಿಪ್ರಾಯ ಹೇಳುವ ಊರು ಈ ರಾಜ್ಯದಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ಕೂತು ತುಂಬಿದ್ದೀರಿ ಎಂದು ನನ್ನ ಅನುಮಾನ. ಉಳಿದ ನಲವತ್ತನ್ನಾದರೂ ನಿಜವಾದ ಜನರನ್ನು ಕೇಳಿ ಹತ್ತು ದಿನದೊಳಗೆ ಕಳಿಸಿ. ಇಲ್ಲವಾದರೆ ವರದಿಗಾರಿಕೆಯ ಮಾತು ಮರೆತುಬಿಡಿ.'

ನನ್ನ ಮೈ ಉರಿದುಹೋಯಿತು. ಹಳ್ಳಿಹಳ್ಳಿ ತಿರುಗಿ ಚಪ್ಪಲಿ ಸವೆಸಿದವನಿಗೆ ಈ ಮಾತೇ? ಬೆಂಗಳೂರಿಗೇ ಹೋಗಿ ಆ ಸಂಪಾದಕರ ಮೇಜಿನ ಮೇಲೆ ಚಪ್ಪಲಿ ಇಟ್ಟು ತೋರಿಸುತ್ತೇನೆ ಅಂತ ಹಾರಾಡಿದೆ. ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಮಾವ ಎತ್ತುಗಳಿಗೆ ಹುಲ್ಲು ಹಾಕಿ ಬಂದು, ಉಳಿದ ಫಾರಮ್ಮುಗಳಲ್ಲಿ ಒಂದನ್ನು ಕೈಗೆತ್ತಿಕೊಂಡರು.

'ಏನೈತೆ ಇದ್ರಾಗೆ?'

ವಿವರಿಸಿದೆ. ಐದು ಚೌಕಗಳನ್ನು ಅವರು ಬೆರಳಿಟ್ಟು ಎಣಿಸಿದರು. ಆಮೇಲೆ ನಕ್ಕರು.

'ಸಂತೇಲಿ ನಿಂತು ನಾಕ್ ಜನದ ಮುಂದೆ, ಎತ್ತಿನ ಬೆಲೆ ಎಷ್ಟಪ್ಪಾ ಅಂತ ಕೂಗಿ ಕೇಳುದ್ರೆ ನಿಜ ಹೇಳ್ತಾನೇನ್ಲಾ ಯಾವನಾದ್ರೂ? ಐದು ಚೌಕ ಮಾಡವ್ನೆ, ದೇವ್ರು ಐದು ಬೆರಳು ಕೊಟ್ಟವ್ನೆ. ಶುಕ್ರವಾರ ನನ್ ಜೊತೆ ಸಂತೆಗೆ ಬಾ.'

ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲನ್ನು ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ತಿಳಿಸುತ್ತಾರೆ. ಪಕ್ಕದಲ್ಲಿ ನಿಂತ ಹೆತ್ತ ಮಗನಿಗೂ ಗೊತ್ತಾಗುವುದಿಲ್ಲ. ಬಾಯಲ್ಲಿ 'ಅಯ್ಯೋ, ಈ ಮುದಿ ಎತ್ತು ಯಾರಿಗೆ ಬೇಕು' ಅನ್ನುತ್ತಲೇ ಟವೆಲ್ಲಿನ ಕೆಳಗೆ ಒಳ್ಳೆಯ ಬೆಲೆಗೆ ಬೆರಳು ಅಮುಕುವವರಿದ್ದಾರೆ. ಇದಕ್ಕೆಲ್ಲ ಆಧಾರ ಒಂದೇ ಕಟ್ಟಳೆ. ಟವೆಲ್ಲಿನ ಕೆಳಗಿನದು ಟವೆಲ್ಲಿನ ಕೆಳಗೇ ಇರಬೇಕು. ಅದನ್ನು ಹೊರಗೆ ಆಡಿದ ದಲ್ಲಾಳಿಗೆ ಮುಂದಿನ ವಾರ ಯಾರೂ ಕೈ ಕೊಡುವುದಿಲ್ಲ.

ಶುಕ್ರವಾರ ಮಾವ ಸಂತೆಯ ಹೊಂಗೆಮರದ ಕೆಳಗೆ ನನ್ನನ್ನು ಕೂರಿಸಿ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದರು: 'ಇವ ನನ್ನ ಅಕ್ಕನ ಮಗ. ಇದು ಅರ್ಜಿ ಅಲ್ಲ. ಇದ್ರಿಂದ ಬೋರು ಬರಾಕಿಲ್ಲ, ಸೈಟೂ ಬರಾಕಿಲ್ಲ. ಯಾರ ಹೆಸ್ರೂ ಬರ್ಯಾಕಿಲ್ಲ. ಮುಖ್ಯಮಂತ್ರಿ ಕೆಲ್ಸ ಬಾಳ ಚೆನ್ನಾಗಿದ್ರೆ ಐದು ಬೆರಳು, ಬಾಳ ಕೆಟ್ಟಿದ್ರೆ ಒಂದು. ಅವ್ರು ಡೆಲ್ಲಿಗೆ ಹೋಗ್ಲೇಬೇಕು ಅಂದ್ರೆ ಐದು, ಬ್ಯಾಡವೇ ಬ್ಯಾಡ ಅಂದ್ರೆ ಒಂದು. ಈ ಟವಲ್ಲಿನಾಣೆ, ಆಚೆಗೆ ಹೋಗಾಕಿಲ್ಲ.'

ಅಲ್ಲಿಂದ ಮುಂದಿನ ಎರಡು ಗಂಟೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಎಂಥ ಮಜಾ! ಒರಟು ಕೈಗಳು, ಸುಣ್ಣ ಮೆತ್ತಿದ ಕೈಗಳು, ತೆಂಗಿನಕಾಯಿ ಸುಲಿದು ಜಡ್ಡುಗಟ್ಟಿದ ಕೈಗಳು ಒಂದಾದ ಮೇಲೊಂದು ಟವೆಲ್ಲಿನ ಕೆಳಗೆ ನನ್ನ ಕೈಗೆ ಬಂದವು. ಬಾಯಲ್ಲಿ 'ದ್ಯಾವ್ರಂತಾ ಮನ್ಸ' ಎಂದು ಕೈಮುಗಿದವನು ಒಳಗೆ ಎರಡೇ ಬೆರಳು ಹಿಡಿದ. 'ಎಲ್ಲಾ ಕಳ್ರು ಕಣ್ರೀ' ಎಂದು ಉಗಿಯುತ್ತ ಬಂದವನು ಐದೂ ಬೆರಳನ್ನು ಸೇರಿಸಿ ನನ್ನ ಕೈ ನೋಯುವಷ್ಟು ಹಿಸುಕಿದ. ಮೂರು ಹಿಡಿದು, ಯೋಚಿಸಿ, ಇನ್ನೊಂದನ್ನು ಸೇರಿಸಿದವರಿದ್ದರು. ಅರವತ್ತು ಫಾರಮ್ಮಿನಲ್ಲಿ ಒಂದು ಸಲವೂ ಸಿಗದ ನಿಜ ಇಲ್ಲಿ ನನ್ನ ಅಂಗೈಗೇ ಬಂದು ಕೂರುತ್ತಿತ್ತು. ಸಂಪಾದಕರೇ, ಈಗ ಅನುಮಾನ ಪಡಿ ನೋಡೋಣ ಅಂತ ಒಳಗೊಳಗೇ ಕುಣಿಯುತ್ತಿದ್ದೆ.

ಆದರೆ ಎರಡನೆಯ ಪ್ರಶ್ನೆಯಲ್ಲಿ ಏನೋ ತಪ್ಪುತ್ತಿತ್ತು. ಕೆಲಸಕ್ಕೆ ನಾಲ್ಕು, ಐದು ಕೊಟ್ಟ ಕೈಗಳೇ ದೆಹಲಿಯ ಮಾತು ಬಂದಾಗ ಒಂದು ಬೆರಳಿಗೆ ಇಳಿಯುತ್ತಿದ್ದವು. ಒಬ್ಬನಲ್ಲ, ಇಬ್ಬರಲ್ಲ. ಇಪ್ಪತ್ತೆರಡನೆಯವರಾಗಿ ಬಂದವರು ಬಿಕ್ಕೋಡಿನ ಕಡೆಯ ಒಬ್ಬ ವಯಸ್ಸಾದ ರೈತರು, ಉಳುವ ಜೋಡಿ ಕೊಳ್ಳಲು ಬಂದಿದ್ದವರು. ಕೆಲಸ ಹೇಗಿದೆ ಅಂದಾಗ ಐದೂ ಬೆರಳನ್ನು ಅಕ್ಕರೆಯಿಂದ ಹಿಡಿದರು. ಪ್ರಧಾನಿ ಆಗಬೇಕಾ ಅಂದಾಗ ನನ್ನ ತೋರುಬೆರಳೊಂದನ್ನೇ ಹಿಡಿದು ಗಟ್ಟಿಯಾಗಿ ಅಮುಕಿದರು.

ನನ್ನ ಹಾಳು ಕೋಪ ನೆತ್ತಿಗೇರಿತು. ಟವೆಲ್ಲು ಕಿತ್ತು ಎದ್ದು ನಿಂತು ಕೂಗಿಬಿಟ್ಟೆ: 'ಏನ್ರೀ ಯಜಮಾನ್ರೇ, ಕೆಲಸಕ್ಕೆ ಐದು ಕೊಟ್ಟು ದೆಹಲಿಗೆ ಒಂದಾ? ಇದೆಂಥಾ ನ್ಯಾಯ?'

ಸಂತೆ ಗಪ್ಪನೆ ನಿಂತುಹೋಯಿತು. ಹಗ್ಗ ಹಿಡಿದವರು, ಎತ್ತಿನ ಹಲ್ಲು ನೋಡುತ್ತಿದ್ದವರು, ಎಲ್ಲರೂ ನಮ್ಮ ಕಡೆ ತಿರುಗಿದರು. ಏನು ಮಾಡಿದೆ ಅನ್ನುವುದು ನನಗೆ ಹೊಳೆದದ್ದು ಆಗ. ಎದುರಿನ ಇನ್ನೊಬ್ಬ ದಲ್ಲಾಳಿ ಮಾವನನ್ನು ನೋಡಿ, 'ಮುಂದಿನ್ ವಾರ ನಮ್ ರಾಸಿನ ರೇಟೂ ಹಿಂಗೇ ಕೂಗ್ತಾನೇನೋ ನಿನ್ನಳಿಯ' ಅಂದ. ಯಾರೂ ನಗಲಿಲ್ಲ.

ಮಾವನ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷ ಆ ಮರದ ಕೆಳಗೆ ಕೂತು ಒಂದೇ ಒಂದು ಬೆಲೆಯನ್ನು ಹೊರಗೆ ಬಿಡದ ಮನುಷ್ಯ. ಅವರು ನನ್ನನ್ನು ಬಯ್ಯಲಿಲ್ಲ. ನೆಲಕ್ಕೆ ಬಿದ್ದಿದ್ದ ಟವೆಲ್ಲನ್ನು ಎತ್ತಿ, ಧೂಳು ಕೊಡವಿ, ಹೆಗಲಿಗೆ ಹಾಕಿಕೊಂಡರು. ಅಷ್ಟೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನೌಕರಿ ಹೋಯಿತು ಅನ್ನುವುದು ಕೂಡ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಮಾತಾಡಿದವರು ಆ ಬಿಕ್ಕೋಡಿನ ಯಜಮಾನರೇ.

'ನ್ಯಾಯ ಕೇಳ್ದಲ್ಲಪ್ಪ, ಹೇಳ್ತೀನಿ ಕೇಳು. ಬೆಳಗಿಂದ ಈ ಸಂತೆ ಪೂರಾ ಸುತ್ತಿವ್ನಿ. ಒಂದು ಒಳ್ಳೇ ಜೋಡಿ ಸಿಕ್ಕಿಲ್ಲ. ಯಾಕ್ಹೇಳು? ಚೆನ್ನಾಗಿ ಉಳೋ ಎತ್ತನ್ನ ಯಾವನೂ ಸಂತೆಗೆ ಹೊಡ್ಕಂಡು ಬರಾಕಿಲ್ಲ. ಮನೇಲೇ ಮಡಿಕ್ಕಂತಾನೆ. ನಮ್ಮ ಎತ್ತು ಈಗಷ್ಟೇ ಒಂದು ಸಾಲು ಉತ್ತೈತೆ. ಇನ್ನೂ ಹೊಲ ಪೂರ್ತಿ ಬಿದ್ದೈತೆ. ಡೆಲ್ಲೀಗೆ ಕೊಟ್ಬುಟ್ಟು ನಾವೇನು ನೊಗ ನಮ್ ಹೆಗಲಿಗೆ ಹಾಕ್ಕಳಣವಾ?'

ಸಂತೆಗೆ ಸಂತೆಯೇ ಘೊಳ್ಳೆಂದು ನಕ್ಕಿತು. 'ಅಂದ್ರೆ ಇವತ್ತು ಸಂತೆಗೆ ಬಂದಿರೋವೆಲ್ಲ ಮೈಗಳ್ಳ ಎತ್ತೇ ಅನ್ನಿ' ಅಂತ ಯಾರೋ ಕೂಗಿದರು. ಯಜಮಾನರು ಮಾವನ ಹತ್ತಿರ ಹೋಗಿ, 'ಹೋಗ್ಲಿ ಬುಡಣ್ಣ, ನನ್ ಬೆಲೆ ನಾನೇ ಕೂಗಿವ್ನಿ. ಇನ್ನೇನ್ ಗುಟ್ಟು? ಹಾಸು ಟವಲ್ಲ' ಅಂದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು, ಬಿದ್ದೆ ಕೂಡ. 'ಏಳಪ್ಪ, ಪಂಚೆ ಸಗಣಿಯಾಯ್ತದೆ' ಅಂದರು.

ಮಾವ ಟವೆಲ್ಲು ಹಾಸಿದರು. ನಾನು ಕೈ ಚಾಚಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

'ನಿನ್ ಕೈ ಬ್ಯಾಡ. ಪೆನ್ ಕೊಡು.'

ಉಳಿದ ಕೈಗಳನ್ನೆಲ್ಲ ಮಾವನೇ ಹಿಡಿದರು. ಹೆಬ್ಬೆಟ್ಟು ಒತ್ತುವುದು ಬಿಟ್ಟು ಕಾಗದದ ಮೇಲೆ ಇನ್ನೇನೂ ಮಾಡಿರದ ಅವರು ಬಾರುಗೋಲು ಹಿಡಿದ ಹಾಗೆ ಪೆನ್ನು ಹಿಡಿದು, ಬೆರಳಿನ ಲೆಕ್ಕಕ್ಕೆ ಸರಿಯಾದ ಚೌಕ ಹುಡುಕಿ ಗುರುತು ಹಾಕಿದರು. ಒಂದೊಂದು ಫಾರಮ್ಮನ್ನೂ ನನಗೆ ಕಾಣದ ಹಾಗೆ ಮಡಿಸಿ ಜೇಬಿಗಿಟ್ಟುಕೊಂಡರು. ಜನ ಹಿಂಜರಿಯದೆ ಅವರಿಗೆ ಕೈ ಕೊಟ್ಟರು. ನಾನು ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದೆ.

ಆಮೇಲಿನ ಮೂರು ದಿನ ಮಾವ ನನ್ನ ಜೊತೆ ಮಾತಾಡಲಿಲ್ಲ. ಹುಲ್ಲು ಹಾಕಿದೆ, ನೀರು ಸೇದಿದೆ, ಕೊಟ್ಟಿಗೆ ಬಳಿದೆ, ಉಪಯೋಗವಾಗಲಿಲ್ಲ. ಅಮ್ಮ 'ತಪ್ಪಾಯ್ತು ಅನ್ನು' ಅಂದಳು. ಅಂದೆ. ಮಾವ 'ಹೂಂ' ಅಂದರು. ಅಷ್ಟು ವರ್ಷದಲ್ಲಿ ಅವರ ಎದುರು ತಲೆ ಎತ್ತಲು ನಾಚಿಕೆಯಾದದ್ದು ಅದೇ ಮೊದಲು. ಬಯ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಗಡುವು ಮುಗಿಯುವ ಹಿಂದಿನ ದಿನ ಸಂಜೆ, ಮಾವ ಮಡಿಸಿಟ್ಟಿದ್ದ ಫಾರಮ್ಮುಗಳನ್ನು ತಂದು ಜಗಲಿಯ ಮೇಲೆ ಇಟ್ಟರು. ನಾನು ತುಂಬಿದ್ದವನ್ನೂ ಸೇರಿಸಿ ಎಣಿಸಿದೆ. ಮೂವತ್ತೊಂಬತ್ತು. ಖಾಲಿಯದು ಒಂದು ಉಳಿದಿತ್ತು.

'ಒಂದು ಕಮ್ಮಿ ಇದೆ ಮಾವ' ಅಂದೆ. ನನಗೆ ಎಲ್ಲಿಂದ ಧೈರ್ಯ ಬಂತೋ, 'ನಿಮ್ಮದೇ ಬಾಕಿ' ಅಂದೆ.

ಹುಬ್ಬಳ್ಳಿ ಕಡೆಯ ರೈಲು ಕೂಗಿ ಹೋಯಿತು. ಆಮೇಲೆ ಮಾವ ಹೆಗಲ ಮೇಲಿನ ಟವೆಲ್ಲನ್ನು ತೆಗೆದರು.

'ಬಾ ಇಲ್ಲಿ. ಕೈ ಕೊಡು.'

ಪಂಚೆಗೆ ಕೈ ಒರೆಸಿಕೊಂಡು ಚಾಚಿದೆ. ಅವರು ಟವೆಲ್ಲು ಹೊದಿಸಿದರು. ಮೊದಲ ಪ್ರಶ್ನೆ ಕೇಳಿದೆ. ಅವರ ಬೆರಳುಗಳು ನನ್ನ ಬೆರಳನ್ನು ಹಿಡಿದವು. ಎರಡನೆಯದನ್ನು ಕೇಳಿದೆ. ಮತ್ತೆ ಹಿಡಿದವು. ನಾನು ಅವರ ಮುಖ ನೋಡಿದೆ. ಈ ಸಲ ನಾನು ಚಕಾರ ಎತ್ತಲಿಲ್ಲ. ಟವೆಲ್ಲಿನ ಕೆಳಗಿನಿಂದ ಕೈ ತೆಗೆದು, ಎರಡು ಗುರುತು ಹಾಕಿ, ಫಾರಮ್ಮನ್ನು ಮಡಿಸಿ ಉಳಿದವುಗಳ ನಡುವೆ ಸೇರಿಸಿದೆ. ಮಾವ ಒಳಗೆ ನೋಡಿ, 'ಅಕ್ಕಾ, ಇಬ್ರಿಗೂ ಮುದ್ದೆ ಬಡ್ಸು' ಎಂದು ಕೂಗಿದರು.

ಸಂತೆಯಲ್ಲಿ ಹೇಗೆ ಕೇಳಿದೆವು, ನಾನು ಎಲ್ಲಿ ಎಡವಿದೆ, ಬಿಕ್ಕೋಡಿನ ಯಜಮಾನರು ಏನಂದರು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಜೊತೆಗಿಟ್ಟು ಕಳಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ಮೊದಲಿನ ಅರವತ್ತನ್ನು ಕಸದ ಬುಟ್ಟಿಗೆ ಹಾಕಿದ್ದೇನೆ, ಈ ನಲವತ್ತನ್ನು ನಂಬಿದ್ದೇನೆ, ಇದರಿಂದ ನನ್ನ ಮುಖಪುಟದ ತಲೆಬರಹ ಬದಲಾಯಿಸಬೇಕಾಯಿತು, ಕೂಡಲೇ ವರದಿಗಾರರಾಗಿ ಕೆಲಸ ಶುರುಮಾಡಿ! ಕಾಗದ ಹಿಡಿದು ನಾನು ಸ್ಟೇಷನ್ನಿನವರೆಗೂ ಓಡಿದೆ. ಅಲ್ಲಿ ಯಾರಿಗೆ ಹೇಳಬೇಕೆಂದು ಗೊತ್ತಾಗದೆ ಮೊದಲು ಸಿಕ್ಕ ಪೋರ್ಟರನ್ನು ತಬ್ಬಿಕೊಂಡೆ. ಆ ವಾರದ ಮುಖಪುಟದಲ್ಲಿ ಮುಖ್ಯಮಂತ್ರಿಯ ನಗುವ ಫೋಟೋ, ಅದರ ಕೆಳಗೆ 'ಇಲ್ಲೇ ಇರಲಿ ಅನ್ನುವ ಜನ' ಎಂದಿತ್ತು. ಕ್ಷೌರದಂಗಡಿಯವನು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದ.

ಅವರು ಪ್ರಧಾನಿಯಾಗಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಅದರ ದುಃಖ ಇವತ್ತಿಗೂ ಇದೆ.

ಆಮೇಲೆ ಎಷ್ಟೋ ವರ್ಷ ವರದಿಗಾರನಾಗಿ ದುಡಿದೆ. ನಂಬಿ ಹೇಳಿದವರ ಗುಟ್ಟನ್ನು ಬಿಟ್ಟುಕೊಡು ಎಂದು ದೊಡ್ಡದೊಡ್ಡವರು ಒತ್ತಾಯಿಸಿದ್ದುಂಟು. ಆಗೆಲ್ಲ ಕೆಂಪಂಚಿನ ಆ ಟವೆಲ್ಲು ನೆನಪಾಗಿ ಸುಮ್ಮನಾಗಿದ್ದೇನೆ. ಮಾವ ಹೋಗಿ ಬಹಳ ಕಾಲವಾಯಿತು, ಮುಖ್ಯಮಂತ್ರಿಯೂ ಈಗ ಇಲ್ಲ. ಮನೆಯಲ್ಲಿ ಮಕ್ಕಳು ಆಗಾಗ ಕೇಳುತ್ತಾರೆ: 'ಆವತ್ತು ಜಗಲಿ ಮೇಲೆ ಅಜ್ಜ ಎಷ್ಟು ಬೆರಳು ಹಿಡಿದರು? ಈಗ ಹೇಳಿದರೆ ಯಾರಿಗೆ ನಷ್ಟ?'

ಯಾರಿಗೂ ನಷ್ಟವಿಲ್ಲ. ಆದರೆ ಒಂದು ಸಲ ಕೂಗಿದ್ದವನ ಕೈಯನ್ನು ನಂಬಿ ಅವರು ಮತ್ತೆ ಹಿಡಿದರು. ನಾನು ಹೇಳುವುದಿಲ್ಲ.